ಹೇಳಿಕೊಳ್ಳದ ಭಾರ

ಈ ಹೊತ್ತಿನಲ್ಲಿ ರೇಡಿಯೋ ಮುಂದೆ ಕುಳಿತಿರುವವರಲ್ಲಿ ಹೆಚ್ಚಿನವರು ತಾಯಂದಿರು, ಸೋದರಿಯರು ಎಂದು ನನ್ನ ಊಹೆ. ಮನೆಯಲ್ಲಿ ಗಂಡಸರೂ ಇರಬಹುದು. ವಿಷಯ ಹೆಂಗಸರ ದೇಹಕ್ಕೆ ಸಂಬಂಧಿಸಿದ್ದೆಂದು ಅವರು ಎದ್ದುಹೋಗಬೇಕಾಗಿಲ್ಲ. ಕೂತು ಕೇಳಿದರೆ ನನಗೆ ಸಂತೋಷವೇ. ಏಕೆಂದರೆ ನಾನು ಹೇಳಲಿರುವ ನೋವನ್ನು ಅನುಭವಿಸುವವಳು ಒಬ್ಬಳಾದರೂ, ಅದಕ್ಕೆ ಚಿಕಿತ್ಸೆ ಮಾಡಿಸುವ ಸಂದರ್ಭ ಬಂದಾಗ ಮನೆಯವರೆಲ್ಲರ ತಿಳಿವಳಿಕೆಯೂ ಸಹಾಯವೂ ಬೇಕಾಗುತ್ತವೆ.

ಮೊದಲು ನನ್ನ ತಪ್ಪೊಂದನ್ನು ಒಪ್ಪಿಕೊಂಡು ಮಾತು ಮುಂದುವರಿಸುತ್ತೇನೆ. ನಾನು ಶಸ್ತ್ರವೈದ್ಯೆಯಲ್ಲ, ಸಾಮಾನ್ಯ ಕಾಯಿಲೆಗಳಿಗೆ ಮದ್ದು ಕೊಡುವ ವೈದ್ಯೆ. ಕೆಲವು ವರ್ಷಗಳ ಹಿಂದೆ ನಮ್ಮ ಊರಿನ ಪ್ರಾಥಮಿಕ ಶಾಲೆಯ ಉಪಾಧ್ಯಾಯಿನಿಯೊಬ್ಬರು ನನ್ನ ಬಳಿಗೆ ಬರುತ್ತಿದ್ದರು. ವಯಸ್ಸು ಮೂವತ್ತೆರಡು. ಇಬ್ಬರು ಮಕ್ಕಳು. ಬಂದಾಗಲೆಲ್ಲ ಒಂದೇ ದೂರು: ಕತ್ತು ನೋವು, ಹೆಗಲು ನೋವು, ಬೆನ್ನಿನ ಮೇಲ್ಭಾಗದಲ್ಲಿ ಉರಿ, ಸಂಜೆಯಾದರೆ ತಲೆನೋವು. ಕಪ್ಪು ಹಲಗೆಯ ಮೇಲೆ ಬರೆಯಲು ಕೈಯೆತ್ತಿದರೆ ಬೆರಳುಗಳು ಜೋಮು ಹಿಡಿಯುತ್ತವೆ ಎಂದೂ ಹೇಳಿದ್ದರು. ನಾನು ನೋವಿನ ಗುಳಿಗೆ ಬರೆದುಕೊಟ್ಟೆ. ಹಚ್ಚಿಕೊಳ್ಳಲು ಮುಲಾಮು ಕೊಟ್ಟೆ. ಕತ್ತಿನ ಎಕ್ಸ್-ರೇ ತೆಗೆಸಿದೆ. ಅದರಲ್ಲಿ ಹೇಳಿಕೊಳ್ಳುವಂಥ ದೋಷವೇನೂ ಕಾಣಲಿಲ್ಲ. "ದಿಂಬು ಬದಲಾಯಿಸಿ ನೋಡಿ, ಸ್ವಲ್ಪ ವ್ಯಾಯಾಮ ಮಾಡಿ" ಎಂದೆ. ಹೀಗೆ ಮೂರು ವರ್ಷ ಕಳೆಯಿತು.

ಒಂದು ಬೇಸಗೆಯಲ್ಲಿ ಆಕೆ ಬೇರೆ ಕಾರಣಕ್ಕೆ ಬಂದರು. ಎದೆಯ ಕೆಳಗಿನ ಮಡಿಕೆಯಲ್ಲಿ ಚರ್ಮ ಬೆಂದಂತೆ ಕೆಂಪಾಗಿ, ಬಿರಿದು, ನೀರು ಒಸರುತ್ತಿತ್ತು. ಪರೀಕ್ಷೆಗಾಗಿ ರವಿಕೆ ಸಡಿಲಿಸಿದಾಗ ನನ್ನ ಕಣ್ಣಿಗೆ ಬಿದ್ದದ್ದು ಆ ಹುಣ್ಣು ಮಾತ್ರವಲ್ಲ. ಎರಡು ಹೆಗಲುಗಳ ಮೇಲೂ ಬೆರಳು ಹೂತುಹೋಗುವಷ್ಟು ಆಳದ ಗೀರು. ಬಾವಿಕಟ್ಟೆಯ ಕಲ್ಲಿನ ಮೇಲೆ ಹಗ್ಗ ಉಜ್ಜಿ ಉಜ್ಜಿ ಗೆರೆ ಬೀಳುತ್ತದಲ್ಲವೆ, ಹಾಗೆ. ಅದು ಬ್ರಾ ಪಟ್ಟಿಗಳು ಹದಿನೈದು ವರ್ಷ ಎಳೆದ ಗುರುತು. ಆಕೆಯ ಸ್ತನಗಳು ಆಕೆಯ ಮೈಕಟ್ಟಿಗೆ ಮೀರಿ ದೊಡ್ಡವಾಗಿದ್ದವು. ನೋವಿನ ಮೂಲ ಅಲ್ಲಿತ್ತು. ನಾನು ಮೂರು ವರ್ಷ ಕತ್ತಿನಲ್ಲಿ ಹುಡುಕಿದ್ದೆ.

"ಇದನ್ನು ಮೊದಲೇ ಏಕೆ ಹೇಳಲಿಲ್ಲ?" ಎಂದು ಕೇಳಿದೆ.

"ನೀವು ಕೇಳಲಿಲ್ಲ ಡಾಕ್ಟ್ರೇ. ನನಗೆ ಹೇಳೋಕೆ ಬಾಯಿ ಬರಲಿಲ್ಲ" ಎಂದರು.

ಆ ಉತ್ತರವೇ ಇಂದಿನ ನನ್ನ ಮಾತಿಗೆ ಕಾರಣ. ಇಂಥ ನೋವನ್ನು ಹೊತ್ತು ತಿರುಗುವ ಹೆಂಗಸರು ನಮ್ಮ ನಡುವೆ ಇದ್ದಾರೆ. ಹೇಳಿಕೊಂಡರೆ ನಗುವವರುಂಟು, ಕನಿಕರದಿಂದ ಕೇಳುವವರು ಕಡಿಮೆ. ಆದ್ದರಿಂದ ಅವರು ಸೆರಗನ್ನು ಎರಡು ಸುತ್ತು ಹೊದ್ದುಕೊಳ್ಳುತ್ತಾರೆ, ಬೆನ್ನು ಬಾಗಿಸಿ ನಡೆಯುತ್ತಾರೆ, ದರ್ಜಿಯ ಬಳಿ ಅಳತೆ ಕೊಡಲು ನಾಚಿ ಹಳೆಯ ರವಿಕೆಯನ್ನೇ ಕಳಿಸುತ್ತಾರೆ. ಹುಡುಗಿಯರಾದರೆ ಆಟದ ಮೈದಾನಕ್ಕೆ ಹೋಗುವುದನ್ನು ಬಿಡುತ್ತಾರೆ. ಇದು ಸೌಂದರ್ಯದ ಪ್ರಶ್ನೆಯಲ್ಲ, ಆರೋಗ್ಯದ ಪ್ರಶ್ನೆ. ಇದಕ್ಕೆ ಚೆನ್ನಾಗಿ ಪಳಗಿದ ಚಿಕಿತ್ಸೆಯೊಂದು ಉಂಟು. ಅದೇ ಸ್ತನದ ಗಾತ್ರವನ್ನು ತಗ್ಗಿಸುವ ಶಸ್ತ್ರಕ್ರಿಯೆ.

ಹೀಗೇಕಾಗುತ್ತದೆ ಎಂಬುದನ್ನು ಮೊದಲು ನೋಡೋಣ. ಸ್ತನದಲ್ಲಿ ಹಾಲು ತಯಾರಿಸುವ ಗ್ರಂಥಿಯಿದೆ, ಅದರ ಸುತ್ತ ಕೊಬ್ಬಿದೆ, ಇವೆರಡನ್ನೂ ಹಿಡಿದಿಡುವ ನಾರುಗಳಿವೆ. ಒಳಗೆ ಮೂಳೆಯಿಲ್ಲ, ಎತ್ತಿಹಿಡಿಯುವ ಸ್ನಾಯುವೂ ಇಲ್ಲ. ಎದೆಯ ಗೋಡೆಯ ಮೇಲೆ ಚರ್ಮ ಮತ್ತು ನಾರುಗಳ ಆಧಾರದಲ್ಲೇ ಅದು ನಿಂತಿರಬೇಕು. ಹುಡುಗಿ ಮೈನೆರೆಯುವ ವಯಸ್ಸಿನಲ್ಲಿ ದೇಹದಲ್ಲಿ ಹುಟ್ಟುವ ಈಸ್ಟ್ರೋಜನ್ ಮೊದಲಾದ ಹಾರ್ಮೋನುಗಳಿಂದ ಸ್ತನ ಬೆಳೆಯುತ್ತದೆ. ಕೆಲವರಲ್ಲಿ ಆ ರಸಗಳ ಪ್ರಮಾಣ ಎಲ್ಲರಂತೆಯೇ ಇದ್ದರೂ ಸ್ತನದ ಅಂಗಾಂಶ ಅವುಗಳಿಗೆ ಅತಿಯಾಗಿ ಸ್ಪಂದಿಸಿ ಮಿತಿಮೀರಿ ಬೆಳೆಯುತ್ತದೆ. ಇನ್ನು ಕೆಲವರಲ್ಲಿ ಬಸಿರಿನ ಕಾಲದಲ್ಲಿ, ಮತ್ತೆ ಕೆಲವರಲ್ಲಿ ಮೈ ತೂಕ ಹೆಚ್ಚಿದಾಗ ಹೀಗಾಗುವುದುಂಟು. ತಾಯಿಗೆ ಇದ್ದದ್ದು ಮಗಳಿಗೆ ಬರುವುದೂ ಉಂಟು. ಇದರಲ್ಲಿ ಹೆಣ್ಣುಮಗಳ ತಪ್ಪು ಎಳ್ಳಷ್ಟೂ ಇಲ್ಲ. ಆಕೆ ಏನು ತಿಂದಳು, ಹೇಗೆ ನಡೆದಳು ಎಂಬ ಪ್ರಶ್ನೆಗಳಿಗೆ ಇಲ್ಲಿ ಅರ್ಥವಿಲ್ಲ.

ಭಾರ ಮುಂದಕ್ಕೆ ಜೋತುಬಿದ್ದರೆ ಬೆನ್ನಿಗೆ ಏಕೆ ನೋವು ಎಂದು ಕೇಳಬಹುದು. ತುಂಬಿದ ಕೊಡವನ್ನು ಸೊಂಟಕ್ಕೆ ಒತ್ತಿ ಹಿಡಿದರೆ ಅರ್ಧ ಮೈಲಿ ನಡೆಯಬಹುದು. ಅದೇ ಕೊಡವನ್ನು ಕೈಚಾಚಿ ಮುಂದೆ ಹಿಡಿದರೆ ಹತ್ತು ಹೆಜ್ಜೆಯೂ ಸಾಗದು. ದೇಹದ ಮಧ್ಯರೇಖೆಯಿಂದ ಭಾರ ಎಷ್ಟು ಮುಂದಿರುತ್ತದೆಯೋ, ಅದನ್ನು ಸರಿದೂಗಿಸಲು ಕತ್ತಿನ ಮತ್ತು ಬೆನ್ನಿನ ಸ್ನಾಯುಗಳು ಅಷ್ಟು ಹೆಚ್ಚಾಗಿ ಬಿಗಿಯಬೇಕು. ಎದ್ದ ಗಳಿಗೆಯಿಂದ ಮಲಗುವ ತನಕ ಈ ಬಿಗಿತ ತಪ್ಪುವುದಿಲ್ಲ. ಅದರಿಂದಲೇ ಕತ್ತು ನೋವು, ತಲೆನೋವು. ಪಟ್ಟಿಗಳು ಹೆಗಲನ್ನು ಒತ್ತಿ, ತೋಳಿಗೆ ಹೋಗುವ ನರಗಳ ಮೇಲೆ ಒತ್ತಡ ಬಿದ್ದರೆ ಬೆರಳುಗಳಲ್ಲಿ ಜೋಮು. ಮಡಿಕೆಯಲ್ಲಿ ಬೆವರು ನಿಂತು, ಗಾಳಿಯಾಡದೆ, ಬೂಷ್ಟು ಬೆಳೆದು ಹುಣ್ಣು. ಓಡಲು, ಚುರುಕಾಗಿ ನಡೆಯಲು ಆಗದೆ ಮೈ ತೂಕ ಏರುವುದು. ತೂಕ ಏರಿದಂತೆ ಎದೆಯ ಭಾರವೂ ಹೆಚ್ಚುವುದು. ಹೀಗೆ ಒಂದು ತೊಂದರೆ ಇನ್ನೊಂದನ್ನು ಎಳೆದುತರುತ್ತದೆ.

"ತೂಕ ಇಳಿಸಿದರೆ ಸಾಲದೆ?" ಎಂಬುದು ಎಲ್ಲರ ಮೊದಲ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ಕೊಬ್ಬಿನ ಅಂಶ ಹೆಚ್ಚಿರುವ ಸ್ತನ, ಮೈ ತೂಕ ಇಳಿದಂತೆ ಸ್ವಲ್ಪ ತಗ್ಗುತ್ತದೆ. ಆದರೆ ಗ್ರಂಥಿಯ ಅಂಶವೇ ಹೆಚ್ಚಿದ್ದರೆ ಉಪವಾಸದಿಂದ ಮುಖ ಸೊರಗೀತೇ ವಿನಾ ಎದೆಯ ಭಾರ ಇಳಿಯದು. ಸರಿಯಾದ ಅಳತೆಯ, ಅಗಲ ಪಟ್ಟಿಯ ಬ್ರಾ ಧರಿಸುವುದರಿಂದ, ಬೆನ್ನಿನ ವ್ಯಾಯಾಮಗಳಿಂದ ಕೆಲಮಟ್ಟಿಗೆ ಆರಾಮ ದೊರೆಯುತ್ತದೆ. ಅವನ್ನು ಮೊದಲು ಮಾಡಿ ನೋಡಬೇಕಾದದ್ದೇ. ಆದರೆ ಅಮೆರಿಕದಲ್ಲಿ ಹಲವು ಕಡೆಯ ವೈದ್ಯರು ಕೂಡಿ ನಡೆಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಪಥ್ಯ, ವ್ಯಾಯಾಮ, ವಿಶೇಷ ಬ್ರಾ ಮುಂತಾದ ಉಪಾಯಗಳಿಂದ ಇಂಥವರಿಗೆ ಶಾಶ್ವತವಾದ ಪರಿಹಾರ ದೊರೆಯಲಿಲ್ಲವೆಂದೂ, ಶಸ್ತ್ರಕ್ರಿಯೆಯಿಂದ ನೋವು ಎದ್ದುಕಾಣುವಷ್ಟು ಇಳಿಯಿತೆಂದೂ ತೋರಿಸಿತು. ಇನ್ನು ಎಣ್ಣೆ, ಲೇಪ, ಗುಳಿಗೆಗಳಿಂದ ಕರಗಿಸುತ್ತೇವೆಂದು ಜಾಹೀರಾತು ಹೊರಡಿಸುವವರಿದ್ದಾರೆ. ಅವರ ಮಾತಿಗೆ ಮರುಳಾಗಿ ಹಣ ಕಳೆದುಕೊಳ್ಳಬೇಡಿ.

ಈ ಶಸ್ತ್ರಕ್ರಿಯೆಯನ್ನು ಮಾಡುವವರು ಪ್ಲಾಸ್ಟಿಕ್ ಸರ್ಜನ್ನರು. ಹೆಸರು ಕೇಳಿ, ಒಳಗೆ ಪ್ಲಾಸ್ಟಿಕ್ಕನ್ನು ಇಡುತ್ತಾರೆಂದು ಭಾವಿಸುವವರು ಈಗಲೂ ಇದ್ದಾರೆ. ಹಾಗಲ್ಲ. ರೂಪಿಸುವುದು, ತಿದ್ದುವುದು ಎಂಬ ಅರ್ಥದ ಗ್ರೀಕ್ ಪದದಿಂದ ಆ ಹೆಸರು ಬಂದಿದೆ. ಈ ವಿದ್ಯೆಗೂ ನಮ್ಮ ನಾಡಿಗೂ ಹಳೆಯ ನಂಟುಂಟು. ಕತ್ತರಿಸಿಹೋದ ಮೂಗನ್ನು ಹತ್ತಿರದ ಚರ್ಮದಿಂದ ಮತ್ತೆ ಕಟ್ಟುವ ಕ್ರಮವನ್ನು ಸುಶ್ರುತ ಸಂಹಿತೆ ವಿವರಿಸಿದೆ. ಮೈಸೂರಿನ ಯುದ್ಧದಲ್ಲಿ ಇಂಗ್ಲಿಷರ ಸೈನ್ಯಕ್ಕೆ ಎತ್ತಿನ ಗಾಡಿ ಹೊಡೆಯುತ್ತಿದ್ದ ಕಾವಸ್ಜಿ ಎಂಬಾತ 1792ರ ಸುಮಾರಿಗೆ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕು ಮೂಗು ಕಳೆದುಕೊಂಡನೆಂದೂ, ಪುಣೆಯ ಬಳಿ ಆತನ ಹಣೆಯ ಚರ್ಮವನ್ನು ಇಳಿಸಿ ಹೊಸ ಮೂಗು ಮಾಡಿದರೆಂದೂ 1794ರಲ್ಲಿ ಲಂಡನ್ನಿನ ಪತ್ರಿಕೆಯೊಂದು ಚಿತ್ರಸಮೇತ ಪ್ರಕಟಿಸಿತು. ಯೂರೋಪಿನ ವೈದ್ಯರು ಬೆರಗಾಗಿ ಇದನ್ನು ಕಲಿತರು.

ಆ ಮೂಗಿನ ಕಥೆಗೂ ನಮ್ಮ ವಿಷಯಕ್ಕೂ ಏನು ಸಂಬಂಧವೆಂದರೆ, ಎರಡರಲ್ಲಿಯೂ ಗುಟ್ಟು ಒಂದೇ. ಹಣೆಯ ಚರ್ಮವನ್ನು ಪೂರ್ತಿ ಕತ್ತರಿಸಿ ತೆಗೆಯುತ್ತಿರಲಿಲ್ಲ. ಹುಬ್ಬುಗಳ ನಡುವೆ ಒಂದು ಎಳೆಯನ್ನು ಬಿಟ್ಟು, ಅದರ ಮೂಲಕ ರಕ್ತ ಹರಿಯುತ್ತಿರುವಂತೆ ನೋಡಿಕೊಂಡು, ಉಳಿದದ್ದನ್ನು ಕೆಳಕ್ಕೆ ತಿರುಗಿಸಿ ಹೊಲಿಯುತ್ತಿದ್ದರು. ಹಿತ್ತಲಲ್ಲಿ ಮಲ್ಲಿಗೆ ಬೆಳೆಸುವವರಿಗೆ ಇದು ಹೊಸದಲ್ಲ. ಹಂಬನ್ನು ಬಾಗಿಸಿ ಮಣ್ಣಿನಲ್ಲಿ ಹೂಳುತ್ತೇವೆ. ಅದು ಬೇರು ಬಿಡುವ ತನಕ ತಾಯಿಬಳ್ಳಿಯಿಂದ ಬೇರ್ಪಡಿಸುವುದಿಲ್ಲ.

ಸ್ತನದ ಶಸ್ತ್ರಕ್ರಿಯೆ ಈ ಗುಟ್ಟಿಗೆ ಬಂದು ಮುಟ್ಟಲು ಬಹಳ ಕಾಲ ಹಿಡಿಯಿತು. 1669ರಲ್ಲಿ ಇಂಗ್ಲೆಂಡಿನ ಪ್ಲಿಮತ್ ಎಂಬ ಊರಿನಿಂದ ವಿಲಿಯಂ ಡರ್ಸ್ಟನ್ ಎಂಬ ವೈದ್ಯ, ಕೆಲವೇ ತಿಂಗಳಲ್ಲಿ ಸ್ತನಗಳು ವಿಪರೀತ ಬೆಳೆದ ಯುವತಿಯೊಬ್ಬಳ ವಿಚಾರವನ್ನು ರಾಯಲ್ ಸೊಸೈಟಿಗೆ ಬರೆದು ತಿಳಿಸಿದ. ಆಕೆಯನ್ನು ಉಳಿಸಲಾಗಲಿಲ್ಲ. ಸತ್ತ ಮೇಲೆ ತೂಗಿದಾಗ ಒಂದು ಸ್ತನವೇ 64 ಪೌಂಡು ಇತ್ತೆಂದು ಆತ ಬರೆದ. ಹತ್ತೊಂಬತ್ತನೆಯ ಶತಮಾನದಲ್ಲಿ ಅರಿವಳಿಕೆ ಬಂದು, ಗಾಯ ನಂಜಾಗದಂತೆ ತಡೆಯುವ ಕ್ರಮ ತಿಳಿದ ಮೇಲೆಯೇ ವೈದ್ಯರು ಧೈರ್ಯದಿಂದ ಕೈಹಾಕಿದರು. 1922ರಲ್ಲಿ ಷಿಕಾಗೋ ನಗರದ ಮ್ಯಾಕ್ಸ್ ಥೋರೆಕ್, ಹೆಚ್ಚಿನ ಭಾಗವನ್ನು ತೆಗೆದು ತೊಟ್ಟನ್ನು ಬಿಡಿಸಿ ಹೊಸ ಜಾಗದಲ್ಲಿ ಕಸಿ ಮಾಡುವ ವಿಧಾನ ತಿಳಿಸಿದರು. ಭಾರವೇನೋ ಇಳಿಯಿತು, ಆದರೆ ತೊಟ್ಟಿನ ಸ್ಪರ್ಶಜ್ಞಾನವೂ ಹಾಲೂಡುವ ಶಕ್ತಿಯೂ ಹೋದವು. 1930ರಲ್ಲಿ ಷ್ವಾರ್ಟ್ಸ್‌ಮನ್ ಎಂಬ ಶಸ್ತ್ರವೈದ್ಯರು, ತೊಟ್ಟಿನ ಸುತ್ತಲಿನ ಒಳಚರ್ಮವನ್ನು ಉಳಿಸಿಕೊಂಡರೆ ಅದಕ್ಕೆ ರಕ್ತ ಸಿಗುತ್ತಿರುತ್ತದೆ ಎಂದು ತೋರಿಸಿಕೊಟ್ಟರು. ಮೂಗಿನ ಗುಟ್ಟು ಇಲ್ಲಿಗೆ ಬಂದದ್ದು ಹೀಗೆ.

ಇನ್ನೊಂದು ಸ್ವಾರಸ್ಯದ ಸಂಗತಿ. ಎಷ್ಟು ಕತ್ತರಿಸಬೇಕು, ಎಲ್ಲಿ ಹೊಲಿಯಬೇಕು ಎಂಬ ಲೆಕ್ಕ ವೈದ್ಯರಿಗೆ ಬಹಳ ದಿನ ಕಗ್ಗಂಟಾಗಿತ್ತು. ಚಪ್ಪಟೆ ಬಟ್ಟೆಯಿಂದ ಉಬ್ಬಾದ ಆಕಾರ ಮಾಡುವ ವಿದ್ಯೆ ದರ್ಜಿಗೆ ಗೊತ್ತಲ್ಲವೆ? 1956ರಲ್ಲಿ ಅಮೆರಿಕದ ರಾಬರ್ಟ್ ವೈಸ್ ಅವರು ಬ್ರಾ ಹೊಲಿಯುವವರ ನಮೂನೆಯನ್ನೇ ಆಧಾರವಾಗಿಟ್ಟುಕೊಂಡು, ಬೀಗದ ಕಿಂಡಿಯ ಆಕಾರದ ಒಂದು ಅಳತೆಪಟ್ಟು ರಚಿಸಿದರು. ಇಂದಿಗೂ ಲೋಕದ ಎಲ್ಲೆಡೆ ಶಸ್ತ್ರವೈದ್ಯರು ಗೆರೆ ಎಳೆಯುವಾಗ ಆ ನಮೂನೆಯನ್ನು ಬಳಸುತ್ತಾರೆ. 1960ರಲ್ಲಿ ಸ್ವೀಡನ್ನಿನ ಸ್ಟ್ರೋಂಬೆಕ್, 1972ರಲ್ಲಿ ಅಮೆರಿಕದ ಮೆಕಿಸ್ಸಾಕ್, ಆಮೇಲೆ ಗಾಯದ ಗೆರೆಯನ್ನು ಚಿಕ್ಕದು ಮಾಡಿದ ಬ್ರಸೆಲ್ಸಿನ ಮಡಲೀನ್ ಲೆಜೂರ್ ಎಂಬ ಮಹಿಳೆ, ಹೀಗೆ ಅನೇಕರು ಅದನ್ನು ಇನ್ನಷ್ಟು ಸುರಕ್ಷಿತಗೊಳಿಸಿದ್ದಾರೆ.

ಈಗ ಶಸ್ತ್ರಕ್ರಿಯೆ ನಡೆಯುವ ಬಗೆಯನ್ನು ಹೇಳುತ್ತೇನೆ. ತಿಳಿದರೆ ಹೆದರಿಕೆ ಅರ್ಧವಾಗುತ್ತದೆ. ಮೊದಲು ರಕ್ತಪರೀಕ್ಷೆ, ಹೃದಯದ ಪರೀಕ್ಷೆ ಮಾಡುತ್ತಾರೆ. ನಲವತ್ತರ ಆಸುಪಾಸಿನವರಿಗೂ ಅದಕ್ಕಿಂತ ಹಿರಿಯರಿಗೂ ಸ್ತನದ ಎಕ್ಸ್-ರೇ, ಅಂದರೆ ಮ್ಯಾಮೋಗ್ರಾಮ್ ತೆಗೆಸುತ್ತಾರೆ. ಸಕ್ಕರೆ ಕಾಯಿಲೆ ಇದ್ದರೆ ಹತೋಟಿಗೆ ತರುತ್ತಾರೆ. ರಕ್ತ ತೆಳುಮಾಡುವ ಔಷಧ ಸೇವಿಸುತ್ತಿದ್ದರೆ ಅದನ್ನು ತಪ್ಪದೆ ತಿಳಿಸಬೇಕು. ಹೊಗೆಸೊಪ್ಪಿನ ವಿಷಯವನ್ನು ಒತ್ತಿ ಹೇಳುತ್ತೇನೆ. ನಮ್ಮ ಹೆಂಗಸರಲ್ಲಿ ಬೀಡಿ ಸೇದುವವರು ಕಡಿಮೆ. ಆದರೆ ಎಲೆಯಡಿಕೆಯೊಡನೆ ಹೊಗೆಸೊಪ್ಪು, ಕಡ್ಡಿಪುಡಿ ಹಾಕುವವರಿದ್ದಾರೆ. ಅದರಲ್ಲಿರುವ ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಬಿಗಿಯುತ್ತದೆ. ತೊಟ್ಟಿಗೆ ರಕ್ತ ಹೋಗುವ ದಾರಿಯೇ ಕಿರಿದಾಗಿರುವಾಗ ಇದು ಬಲು ಅಪಾಯ. ಶಸ್ತ್ರಕ್ರಿಯೆಗೆ ಕಡೆಯ ಪಕ್ಷ ನಾಲ್ಕು ವಾರ ಮೊದಲೇ ಅದನ್ನು ಬಿಡಬೇಕು. ಬಿಟ್ಟ ಮೇಲೆ ಮತ್ತೆ ಹಿಡಿಯದಿದ್ದರೆ ಇನ್ನೂ ಒಳ್ಳೆಯದು.

ರೋಗಿಯನ್ನು ನಿಲ್ಲಿಸಿಕೊಂಡು, ಆಕೆ ಎಚ್ಚರವಾಗಿರುವಾಗಲೇ ಪೆನ್ನಿನಿಂದ ಚರ್ಮದ ಮೇಲೆ ಗೆರೆ ಹಾಕುತ್ತಾರೆ. ಮಲಗಿದರೆ ಆಕಾರ ಬದಲಾಗುವುದರಿಂದ ಹೀಗೆ. ಆಮೇಲೆ ಪೂರ್ಣ ಅರಿವಳಿಕೆ ಕೊಡುತ್ತಾರೆ. ಶಸ್ತ್ರಕ್ರಿಯೆಗೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ಗಂಟೆ ಬೇಕು. ತೊಟ್ಟಿನ ಸುತ್ತಲೂ, ಅಲ್ಲಿಂದ ನೇರ ಕೆಳಕ್ಕೂ, ಗಾತ್ರ ಬಹಳ ದೊಡ್ಡದಿದ್ದರೆ ಕೆಳಗಿನ ಮಡಿಕೆಯುದ್ದಕ್ಕೂ ಕೊಯ್ದು, ಹೆಚ್ಚಿನ ಗ್ರಂಥಿ, ಕೊಬ್ಬು, ಚರ್ಮಗಳನ್ನು ತೆಗೆಯುತ್ತಾರೆ. ತೊಟ್ಟನ್ನು ಅದರ ರಕ್ತನಾಳ, ನರಗಳಿರುವ ಅಂಗಾಂಶದ ಸೇತುವೆಯೊಡನೆ ಮೇಲಕ್ಕೆ ಸರಿಸಿ ಹೊಲಿಯುತ್ತಾರೆ. ವಿಪರೀತ ದೊಡ್ಡದಾಗಿದ್ದರೆ ಆ ಸೇತುವೆ ಉದ್ದವಾಗಿ ರಕ್ತ ಸಾಲದೆ ಹೋಗಬಹುದು. ಅಂಥ ಕೆಲವರಿಗೆ ಮಾತ್ರ ಥೋರೆಕ್ ಅವರ ಕಸಿ ವಿಧಾನವನ್ನೇ ಅನುಸರಿಸುತ್ತಾರೆ. ತೆಗೆದ ಭಾಗವನ್ನು ತೂಕ ಹಾಕಿ, ಸೂಕ್ಷ್ಮದರ್ಶಕದ ಪರೀಕ್ಷೆಗೆ ಕಳಿಸುತ್ತಾರೆ. ಹಾಗೆ ಕಳಿಸಿದಾಗ ಯಾರಿಗೂ ಗೊತ್ತಿರದ ಕ್ಯಾನ್ಸರಿನ ಆರಂಭ ಪತ್ತೆಯಾಗಿ ಜೀವ ಉಳಿದ ಪ್ರಸಂಗಗಳೂ ಉಂಟು.

ಒಂದೆರಡು ದಿನದಲ್ಲಿ ಮನೆಗೆ ಕಳಿಸುತ್ತಾರೆ. ಮೊದಲ ವಾರ ನೋವು, ಬಿಗಿತ, ಊತ ಇರುತ್ತವೆ. ಎರಡು ಮೂರು ವಾರದಲ್ಲಿ ಕುಳಿತು ಮಾಡುವ ಹಗುರ ಕೆಲಸಕ್ಕೆ ಹೋಗಬಹುದು. ಆದರೆ ಸುಮಾರು ಆರು ವಾರ ಕೊಡ ಎತ್ತುವುದು, ಬಟ್ಟೆ ಒಗೆಯುವುದು, ರುಬ್ಬುವುದು, ಮಗುವನ್ನು ಎತ್ತಿಕೊಳ್ಳುವುದು ಕೂಡದು. ಹಗಲಿರುಳೂ ಆಧಾರದ ಬ್ರಾ ಧರಿಸಿರಬೇಕು. ಎದ್ದುಹೋಗಬೇಡಿ ಎಂದು ಗಂಡಸರಿಗೆ ನಾನು ಮೊದಲೇ ಹೇಳಿದ್ದು ಇದಕ್ಕೇ. ಈ ಆರು ವಾರ ಮನೆಯ ನೀರು, ಬಟ್ಟೆ, ಮಕ್ಕಳ ಜವಾಬ್ದಾರಿಯನ್ನು ಬೇರೆ ಯಾರಾದರೂ ಹೊರದಿದ್ದರೆ, ಎಷ್ಟು ಜಾಣ ಶಸ್ತ್ರವೈದ್ಯನ ಹೊಲಿಗೆಯೂ ನಿಲ್ಲಲಾರದು.

ಒಳ್ಳೆಯದನ್ನಷ್ಟೇ ಹೇಳಿ ಕಷ್ಟವನ್ನು ಮುಚ್ಚಿಡುವುದು ಧರ್ಮವಲ್ಲ. ಗಾಯದ ಗುರುತು ಉಳಿದೇ ಉಳಿಯುತ್ತದೆ. ಮೊದಲು ಕೆಂಪಾಗಿದ್ದು, ಒಂದು ಒಂದೂವರೆ ವರ್ಷದಲ್ಲಿ ಮಾಸಿ ತೆಳ್ಳಗಾಗುತ್ತದೆ, ಪೂರ್ತಿ ಅಳಿಸಿಹೋಗುವುದಿಲ್ಲ. ಕೆಲವರ ಚರ್ಮದ ಗುಣದಿಂದ ಗಾಯ ದಪ್ಪವಾಗಿ ಉಬ್ಬಿಕೊಳ್ಳುವುದೂ ಉಂಟು. ಕಿವಿ ಚುಚ್ಚಿಸಿದಲ್ಲಿ ಗಂಟು ಬೆಳೆದಿದ್ದವರು ಇದನ್ನು ವೈದ್ಯರಿಗೆ ಮುಂಚೆಯೇ ತಿಳಿಸಬೇಕು. ಹೊಲಿಗೆಗಳು ಕೂಡುವ ಮೂಲೆಯಲ್ಲಿ ಗಾಯ ನಿಧಾನವಾಗಿ ಮಾಯುವುದು ಅಪರೂಪವಲ್ಲ. ರಕ್ತಸ್ರಾವ, ನಂಜು, ಎರಡು ಬದಿಯಲ್ಲಿ ಚೂರು ವ್ಯತ್ಯಾಸ, ತೊಟ್ಟಿನಲ್ಲಿ ಸ್ಪರ್ಶ ಕಡಿಮೆಯಾಗುವುದು, ಇವು ಆಗಬಹುದು. ರಕ್ತ ಸಾಲದೆ ತೊಟ್ಟೇ ನಷ್ಟವಾಗುವುದು ಬಹು ವಿರಳ, ಆದರೂ ಇಲ್ಲವೇ ಇಲ್ಲವೆನ್ನಲಾಗದು. ಮುಂದೆ ಮಗುವಿಗೆ ಹಾಲೂಡುವ ವಿಚಾರದಲ್ಲಿಯೂ ಭರವಸೆ ಕೊಡಲಾಗದು. ಅನೇಕರು ಊಡಿದ್ದಾರೆ, ಕೆಲವರಿಗೆ ಹಾಲು ಸಾಲದೆ ಬೇರೆ ಹಾಲನ್ನೂ ಸೇರಿಸಬೇಕಾಗಿದೆ, ಕೆಲವರಿಗೆ ಸಾಧ್ಯವೇ ಆಗಿಲ್ಲ. ಆದ್ದರಿಂದ ಸದ್ಯದಲ್ಲೇ ಮಕ್ಕಳನ್ನು ಬಯಸುವವರು, ತಡೆಯಬಲ್ಲ ನೋವಾದರೆ, ಹೆರಿಗೆ ಬಾಣಂತನ ಮುಗಿಯುವ ತನಕ ಕಾಯುವುದು ಮೇಲು. ತಡೆಯಲಾರದ ನೋವಾದರೆ ಕಾಯಬೇಕೆಂಬ ನಿಯಮವೇನೂ ಇಲ್ಲ. ಲಾಭನಷ್ಟ ತೂಗಿ ನಿರ್ಧರಿಸಬೇಕು. ಹದಿಹರೆಯದ ಹುಡುಗಿಯರಾದರೆ ಬೆಳವಣಿಗೆ ನಿಂತ ಮೇಲೆ ಮಾಡುವುದು ವಾಡಿಕೆ.

ಆದರೆ ಹುಡುಗಿಯ ಮಾತನ್ನು ಹಗುರವಾಗಿ ತಳ್ಳಿಹಾಕಬೇಡಿ. ರೊಮೇನಿಯ ದೇಶದ ಟೆನಿಸ್ ಆಟಗಾರ್ತಿ ಸಿಮೋನಾ ಹ್ಯಾಲೆಪ್ ಅವರ ಉದಾಹರಣೆಯಿದೆ. ಎದೆಯ ಭಾರ ಆಟದ ಚುರುಕಿಗೆ ಅಡ್ಡಿಯಾಗಿ, ಬೆನ್ನು ನೋಯುತ್ತಿದ್ದುದರಿಂದ 2009ರಲ್ಲಿ, ಹದಿನೇಳನೆಯ ವಯಸ್ಸಿನಲ್ಲಿ, ಅವರು ಈ ಶಸ್ತ್ರಕ್ರಿಯೆ ಮಾಡಿಸಿಕೊಂಡರು. ಮಾಡಿಸಿಕೊಂಡದ್ದನ್ನು ಮುಚ್ಚಿಡಲೂ ಇಲ್ಲ. 2018ರಲ್ಲಿ ಫ್ರೆಂಚ್ ಓಪನ್ ಗೆದ್ದರು, 2019ರಲ್ಲಿ ವಿಂಬಲ್ಡನ್ ಗೆದ್ದರು. ನಮ್ಮ ಹುಡುಗಿಯರೆಲ್ಲ ವಿಂಬಲ್ಡನ್ ಗೆಲ್ಲಬೇಕಾಗಿಲ್ಲ. ಬಸ್ಸಿಗೆ ಓಡಲಿ, ಶಾಲೆಯಲ್ಲಿ ಖೋ-ಖೋ ಆಡಲಿ, ಅಷ್ಟು ಸಾಕು.

ನಮ್ಮ ಉಪಾಧ್ಯಾಯಿನಿಯ ಕಥೆಗೆ ಮರಳುತ್ತೇನೆ. ಅವರನ್ನು ನಾನು ನಗರದ ಪ್ಲಾಸ್ಟಿಕ್ ಸರ್ಜನ್ ಒಬ್ಬರ ಬಳಿಗೆ ಕಳಿಸಿದೆ. ಹೊರಡುವ ಮೊದಲು ಅವರ ಅತ್ತೆಯವರು ನನ್ನನ್ನು ನೋಡಲು ಬಂದರು. ಅರವತ್ತೈದು ದಾಟಿದ ಹಿರಿಯರು.

"ದೇವರು ಕೊಟ್ಟ ಮೈ ತಾಯಿ, ಅದಕ್ಕೆ ಕತ್ತರಿ ಹಾಕಬಹುದೆ?" ಎಂದರು.

"ಅಮ್ಮಾ, ಹೋದ ವರ್ಷ ನಿಮ್ಮ ಕಣ್ಣಿನ ಪೊರೆ ತೆಗೆಸಿದಿರಲ್ಲ, ಅದೂ ದೇವರು ಕೊಟ್ಟದ್ದೇ ಅಲ್ಲವೆ?" ಎಂದೆ.

ಅವರು ನಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮಮ್ಮನಿಗೂ ಹೀಗೇ ಇತ್ತು. ಗೂನುಬೆನ್ನಾಗಿಯೇ ಸತ್ತಳು. ನಾವು ಮುಪ್ಪು ಅಂದುಕೊಂಡೆವು" ಎಂದರು. ಆ ಮೇಲೆ ಸೊಸೆಯ ಜೊತೆ ಆಸ್ಪತ್ರೆಗೆ ಹೋಗಿ ಇದ್ದವರೂ, ಆರು ವಾರ ಮನೆಯ ಕೆಲಸ ನೋಡಿಕೊಂಡವರೂ ಅವರೇ. ಮಗ ನೀರು ಹೊತ್ತರು, ಮಕ್ಕಳಿಗೆ ತಲೆ ಬಾಚಿದರು.

ಶಸ್ತ್ರಕ್ರಿಯೆಯಲ್ಲಿ ತೆಗೆದದ್ದು ಎರಡೂ ಬದಿ ಸೇರಿ 1 ಕಿಲೋ 700 ಗ್ರಾಂ. ಎಡಗಡೆಯ ಹೊಲಿಗೆಯ ಮೂಲೆ ಮಾಯಲು ಹೆಚ್ಚಾಗಿ ಮೂರು ವಾರ ಹಿಡಿಯಿತು. ಒಂದು ಬದಿಯಲ್ಲಿ ಸ್ಪರ್ಶ ಮಂದವಾಗಿ ತಿಂಗಳುಗಟ್ಟಲೆ ಹಾಗೆಯೇ ಇತ್ತು. ಇವನ್ನೆಲ್ಲ ಆಕೆ ಮೊದಲೇ ತಿಳಿದುಕೊಂಡಿದ್ದುದರಿಂದ ಗಾಬರಿಯಾಗಲಿಲ್ಲ. ಮೂರು ತಿಂಗಳ ಮೇಲೆ ನನ್ನಲ್ಲಿಗೆ ಬಂದಾಗ ನಡಿಗೆಯೇ ಬೇರೆಯಾಗಿತ್ತು. "ನೋವು ಹೇಗಿದೆ?" ಎಂದು ಕೇಳಿದೆ. "ನಿನ್ನೆ ಮಕ್ಕಳ ಜೊತೆ ಕುಂಟೆಬಿಲ್ಲೆ ಆಡಿದೆ ಡಾಕ್ಟ್ರೇ, ಮದುವೆಗೆ ಮುಂಚೆ ಕೂಡ ಆಡಿರಲಿಲ್ಲ" ಎಂದರು. ಹೆಗಲಿನ ಗೀರು ಇನ್ನೂ ಇತ್ತು. ಹದಿನೈದು ವರ್ಷದ ಗುರುತು ಮೂರು ತಿಂಗಳಲ್ಲಿ ಹೋಗುವುದಿಲ್ಲ. ಆದರೆ ಆಕೆ ನನ್ನಿಂದ ಗುಳಿಗೆಯ ಚೀಟಿ ಕೇಳಲಿಲ್ಲ.

ಈ ಮಾತು ಕೇಳುತ್ತಿರುವ ಯಾರಿಗಾದರೂ ಇದು ತಮ್ಮದೇ ಕಥೆ ಎನಿಸಿದರೆ ಮಾಡಬೇಕಾದದ್ದು ಇಷ್ಟು. ಮೊದಲು ನಿಮ್ಮ ಸಾಮಾನ್ಯ ವೈದ್ಯರಿಗೆ ಸಂಕೋಚ ಬಿಟ್ಟು ಹೇಳಿ. ಹೇಳಲು ಬಾಯಿ ಬಾರದಿದ್ದರೆ ಒಂದು ಚೀಟಿಯಲ್ಲಿ ಬರೆದು ಕೊಡಿ. ಹೆಗಲಿನ ಗುರುತನ್ನು ತೋರಿಸಿ. ನೋವು ಯಾವಾಗಿನಿಂದ, ಹುಣ್ಣು ಎಷ್ಟು ಸಲ ಆಯಿತು, ಯಾವ ಔಷಧ ತೆಗೆದುಕೊಂಡಿರಿ ಎಂಬುದನ್ನು ಬರೆದಿಟ್ಟುಕೊಳ್ಳಿ. ವಿಮಾ ಕಂಪನಿಗಳು ಅಂದಕ್ಕಾಗಿ ಮಾಡಿಸುವ ಶಸ್ತ್ರಕ್ರಿಯೆಗೆ ಹಣ ಕೊಡುವುದಿಲ್ಲ. ವೈದ್ಯಕೀಯವಾಗಿ ಅವಶ್ಯವೆಂದು ಚಿಕಿತ್ಸೆ ಮಾಡುವ ವೈದ್ಯರು ದೃಢಪಡಿಸಿ ಬರೆದುಕೊಟ್ಟರೆ ಕೇಳಲು ಆಧಾರವಿರುತ್ತದೆ. ಆದ್ದರಿಂದ ಹಳೆಯ ಚೀಟಿಗಳನ್ನು ಎಸೆಯಬೇಡಿ. ಶಸ್ತ್ರವೈದ್ಯರನ್ನು ಆರಿಸುವಾಗ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅಥವಾ ಅದಕ್ಕೆ ಸಮನಾದ ಪದವಿ ಪಡೆದವರೇ ಎಂದು ವಿಚಾರಿಸಿ. ಪ್ಲಾಸ್ಟಿಕ್ ಸರ್ಜರಿ ವಿಭಾಗವಿರುವ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿಯೂ ಕೇಳಿನೋಡಬಹುದು. ಮತ್ತೊಂದು ಮಾತು: ಶಸ್ತ್ರಕ್ರಿಯೆಯಾದ ಮೇಲೂ ವಯಸ್ಸಿಗೆ ತಕ್ಕಂತೆ ಸ್ತನದ ಪರೀಕ್ಷೆ ಮಾಡಿಸಿಕೊಳ್ಳುವುದನ್ನು ಬಿಡಬಾರದು, ಬಸಿರಾದರೆ, ತೂಕ ಬಹಳ ಏರಿದರೆ ಗಾತ್ರ ಮತ್ತೆ ಸ್ವಲ್ಪ ಹೆಚ್ಚಬಹುದೆಂಬುದೂ ನೆನಪಿರಲಿ.

ದೊಡ್ಡ ಸ್ತನವಿರುವವರೆಲ್ಲರಿಗೂ ಶಸ್ತ್ರಕ್ರಿಯೆ ಬೇಕೆಂದು ನಾನು ಹೇಳುತ್ತಿಲ್ಲ. ನೋವಿಲ್ಲದೆ, ಚಿಂತೆಯಿಲ್ಲದೆ ಇರುವವರು ಹಾಗೆಯೇ ಸುಖವಾಗಿರಲಿ. ಯಾರೋ ಆಡಿಕೊಂಡರೆಂದು ಯಾರೂ ಮೈಮೇಲೆ ಶಸ್ತ್ರ ಹಾಕಿಸಿಕೊಳ್ಳಬೇಕಾಗಿಲ್ಲ. ಗಂಡ ಹೇಳಿದನೆಂದು ಮಾಡಿಸುವುದೂ, ಗಂಡ ಬೇಡವೆಂದನೆಂದು ನೋವು ತಿನ್ನುವುದೂ ಎರಡೂ ಸರಿಯಲ್ಲ. ನೋವು ಯಾರದೋ ನಿರ್ಧಾರವೂ ಅವರದೇ ಆಗಿರಬೇಕು. ಉಳಿದವರು ಜೊತೆಗಿದ್ದರೆ ಸಾಕು.

ಇತ್ತೀಚೆಗೆ ಕತ್ತುನೋವು, ಬೆನ್ನುನೋವು ಎಂದು ಬರುವ ಹೆಣ್ಣುಮಕ್ಕಳನ್ನು ನಾನು ಇನ್ನೊಂದು ಪ್ರಶ್ನೆ ಕೇಳುತ್ತೇನೆ. ದಾದಿಯನ್ನು ಹತ್ತಿರ ಕರೆದು, ಬಾಗಿಲು ಹಾಕಿಸಿ, ಹೆಗಲನ್ನು ನೋಡುತ್ತೇನೆ. ಮೂರು ವರ್ಷ ಮೊದಲೇ ಈ ಅಭ್ಯಾಸ ಇದ್ದಿದ್ದರೆ ಒಬ್ಬರಿಗೆ ಮೂರು ವರ್ಷದ ನೋವು ಉಳಿಯುತ್ತಿತ್ತು. ನಿಮ್ಮ ಮನೆಯಲ್ಲಿ ಮಗಳೋ, ಸೊಸೆಯೋ, ತಾಯಿಯೋ ಹೀಗೆ ಬೆನ್ನು ಬಾಗಿಸಿ ನಡೆಯುತ್ತಿದ್ದರೆ, ಇಂದು ಸಂಜೆ ಹತ್ತಿರ ಕೂತು ಒಮ್ಮೆ ಕೇಳಿ.